ಆರನೇ ಗೂಡು

ಹಸಿ ಗೋಣಿತಟ್ಟಿನ ವಾಸನೆಗೆ ನನ್ನ ಮೂಗು ಒಗ್ಗಿ ಮೂವತ್ತು ವರ್ಷವಾಯಿತು. ಹೊಸದಾಗಿ ಕಾಂಕ್ರೀಟು ಹಾಕಿದ ಕಂಬಕ್ಕೆ ಗೋಣಿತಟ್ಟು ಸುತ್ತಿ, ಬೆಳಿಗ್ಗೆ ಸಂಜೆ ನೀರು ಹೊಡೆಯುವುದು ನಮ್ಮ ಕೆಲಸದ ನಿತ್ಯಪೂಜೆ ಇದ್ದಂತೆ. ಮೊದಲೆಲ್ಲ ಅದು ನನಗೆ ದುಡಿಮೆಯ ವಾಸನೆ, ಅಷ್ಟೇ. ಈಗ ಹಾಗಲ್ಲ. ಕಳೆದ ವಾರ ನಾಸಿಕ್ ರೋಡಿನ ಕೆಲಸದಲ್ಲಿ ಆಳುಗಳು ಕಂಬಕ್ಕೆ ನೀರು ಬಿಡುತ್ತಿದ್ದರು. ಗಾಳಿ ನನ್ನ ಕಡೆ ತಿರುಗಿತು. ಕೈಯಲ್ಲಿದ್ದ ಕರಣಿ ಹಾಗೇ ನಿಂತಿತು. ನಾಸಿಕ್ ಹತ್ತಿರದ ಓಝರಿನ ಕಾಕಾ ನೆನಪಾದರು...

ಅವರು ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ಧಾರವಾಡದ ಕಡೆಯವರು. ನಾನು ವಿಜಯಪುರ ಜಿಲ್ಲೆಯವನು. ಏಳನೇತ್ತೆ ಮುಗಿಸಿ, ಎಂಟಕ್ಕೆ ಹೆಸರು ಹಚ್ಚಿ, ಹದಿನೈದೇ ದಿನಕ್ಕೆ ಶಾಲೆ ಬಿಟ್ಟು ನಾಸಿಕ್‌ಗೆ ಬಂದ ಗೌಂಡಿ. ಶಾಲೆ ಬಿಟ್ಟದ್ದಕ್ಕೆ ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ನಾನು ಕಟ್ಟಿದ ಗೋಡೆಗೆ ತೂಗುಗುಂಡು ಬಿಡಿ, ನೂಲಿನಷ್ಟು ವಾಲಿದ್ದರೂ ನನ್ನ ಕೂಲಿ ಬೇಡ ಎನ್ನುತ್ತಿದ್ದೆ. ಈಗಲೂ ಎನ್ನುತ್ತೇನೆ. ಆ ಮಾತು ಕೇಳಿಯೇ ಕಾಕಾ ನನ್ನನ್ನು ಕರೆಸಿದ್ದರು. ಮಾಳಿಗೆಯ ಮೇಲೆ ಒಂದು ಖೋಲಿ ಕಟ್ಟಬೇಕಿತ್ತು.

ಗೋಡೆ ಎದೆಮಟ್ಟಕ್ಕೆ ಬಂದಾಗ ಅವರು ಮೇಲೆ ಹತ್ತಿ ಬಂದರು.

“ಮಿಸ್ತ್ರಿ, ಈ ಗ್ವಾಡ್ಯಾಗ ಆರು ಗೂಡು ಬೇಕ್ರಿ. ಒಂದರ ಮ್ಯಾಲ ಒಂದು.”

“ಆರು ದೇವ್ರೇನ್ರಿ ಕಾಕಾ?”

“ದೇವರಿಗಲ್ರೀ ಮಾರಾಯ್ರ, ಪುಸ್ತಕಕ್ಕ. ನಾ ಬಿ.ಎ. ಮಾಡಾಂವ ಇದ್ದೇನಿ. ಸೈಕಾಲಜಿ.”

ನಾನು ನಕ್ಕುಬಿಟ್ಟೆ. ಅರವತ್ತೆರಡರ ಮುದುಕ ಬಿ.ಎ. ಓದುತ್ತೇನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ಅವರೂ ನಕ್ಕರು. ಆಮೇಲೆ, “ಆರನೇ ಗೂಡು ಎತ್ತರಕ್ಕಿರಲಿ. ಸ್ಟೂಲ್ ಇಲ್ಲದೆ ನನ್ನ ಕೈ ಮುಟ್ಟಬಾರದು,” ಎಂದರು.

ಮುಕ್ತ ವಿಶ್ವವಿದ್ಯಾಲಯದ ಓದು, ಮೂರು ವರ್ಷಕ್ಕೆ ಆರು ಸೆಮಿಸ್ಟರು. ಒಂದೊಂದು ಸೆಮಿಸ್ಟರಿಗೆ ಒಂದೊಂದು ಗೂಡು. ರಜಾದಿನ ತರಗತಿ ಇರುತ್ತಿತ್ತು. ಮೊದಲ ದಿನ ಇವರು ಒಳಗೆ ಕಾಲಿಟ್ಟರೆ ಹುಡುಗ ಹುಡುಗಿಯರೆಲ್ಲ ಪ್ರೊಫೆಸರ್ ಬಂದರೆಂದು ಎದ್ದು ನಿಂತರಂತೆ. “ಕೂಡ್ರಿ, ಕೂಡ್ರಿ. ನಾನೂ ನಿಮ್ಹಾಂಗ ನಾಪಾಸ್ ಆಗಲಿಕ್ಕೆ ಬಂದಾಂವ,” ಎಂದು ಮರಾಠಿಯಲ್ಲಿ ಹೇಳಿ ಹಿಂದಿನ ಬೆಂಚಿಗೆ ಹೋದೆ ಎಂದು ನನ್ನ ಮುಂದೆ ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಯಾಕೆ ಓದುತ್ತಿದ್ದಾರೆ ಎಂಬುದು ಗೊತ್ತಾಗಿದ್ದು ಸ್ವಲ್ಪ ದಿನದ ಮೇಲೆ. ಅವರಿಗೆ ಒಬ್ಬನೇ ಮಗ. ಛತ್ರಪತಿ ಸಂಭಾಜಿನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವನು ಎರಡನೇ ವರ್ಷದಲ್ಲಿ ಕ್ಲಾಸಿಗೆ ಹೋಗುವುದನ್ನು ಬಿಟ್ಟ. ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುತ್ತದೆ ಎಂದ. ಮನೆಗೆ ಬಂದವನು ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಕೂತ. ಆಮೇಲೆ ಡಾಕ್ಟರು, ಗುಳಿಗೆ, ಆಸ್ಪತ್ರೆ... ಆ ವರ್ಷಗಳಲ್ಲಿಯೇ ತಾಯಿಯೂ ತೀರಿಕೊಂಡರು. ಈಗ ಅವನು ಅದೇ ಊರಿನ ದೌಲತಾಬಾದ್ ರಸ್ತೆಯ ಒಂದು ಆರೈಕೆ ಕೇಂದ್ರದಲ್ಲಿದ್ದ. ಗುಳಿಗೆ ನುಂಗಿ, ಗಿಡಗಳಿಗೆ ನೀರು ಹಾಕಿಕೊಂಡು, ತನ್ನಷ್ಟಕ್ಕೆ ತಾನು. ಕಾಕಾ ಹದಿನೈದು ದಿನಕ್ಕೊಂದು ಭಾನುವಾರ ನಾಸಿಕ್ ರೋಡ್ ಸ್ಟೇಷನ್ನಿನಿಂದ ಬೆಳಗಿನ ರೈಲು ಹಿಡಿದು ಹೋಗಿ ಅವನ ಜೊತೆ ಕೂತು ಬರುತ್ತಿದ್ದರು.

“ಮೂವತ್ತನಾಲ್ಕು ವರ್ಷ ಕೆಟ್ಟದ್ದನ್ನ ಬಿಚ್ಚಿ, ಯಾಕ ಕೆಟ್ಟದ ಅಂತ ಹುಡುಕೋದ ನನ್ನ ಕೆಲಸ ಆಗಿತ್ತು, ಮಿಸ್ತ್ರಿ,” ಎಂದಿದ್ದರು ಒಮ್ಮೆ. “ನನ್ನ ಮನಿಯೊಳಗಿಂದು ಕಾಣಲಿಲ್ಲ ನೋಡ್ರಿ.”

ಖೋಲಿಯ ಗೋಡೆಗೆ ಗಿಲಾವು ಮೆತ್ತಿ ಮುಗಿದು ನೆಲ ಒಣಗುವ ಹೊತ್ತಿಗೆ ಪುಸ್ತಕಗಳು ಬಂದವು. ಎಲ್ಲವೂ ಮರಾಠಿ. ಕಾಕಾ ಒಂದು ದಪ್ಪ ರಟ್ಟಿನ ಹಾಳೆಗೆ ಗೆರೆ ಹೊಡೆದು ಕಾರ್ಡು ಮಾಡಿದ್ದರು. ಕಾರ್ಖಾನೆಯಲ್ಲಿ ಪ್ರತಿ ಕೆಲಸಕ್ಕೂ ಅಂಥದೊಂದು ಕಾರ್ಡು ಇರುತ್ತಿತ್ತಂತೆ. ಮೊದಲು ಯಾವ ಕೆಲಸ, ಆಮೇಲೆ ಯಾವುದು ಎಂದು ಸಾಲಾಗಿ ಬರೆದು, ಎದುರಿಗೆ ಮಾಡಿದವನ ಸಹಿ, ಅದರ ಪಕ್ಕಕ್ಕೆ ನೋಡಿದವನ ಸಹಿ. ಮಾಡಿದವನೇ ನೋಡಿದವನಾಗುವಂತಿಲ್ಲ. ಹಿಂದಿನ ಸಾಲಿಗೆ ಎರಡೂ ಸಹಿ ಬೀಳದೆ ಮುಂದಿನದಕ್ಕೆ ಕೈ ಹಚ್ಚುವಂತಿಲ್ಲ.

“ನೋಡಿದವರು ನೀವು,” ಎಂದರು ನನಗೆ.

“ನಾ ಏಳನೇತ್ತಾ ರೀ ಕಾಕಾ.”

“ಅದಕ್ಕ. ನಾ ಓದಿದ್ದು ನಿಮಗ ತಿಳೀವಂಗ ಹೇಳಲಿಕ್ಕೆ ಬಂತಂದ್ರ ನನಗ ತಿಳಿದದ ಅಂತ ಅರ್ಥ. ತಿಳೀಲಿಲ್ಲ ಅಂದ್ರ ಸಹಿ ಮಾಡಬ್ಯಾಡ್ರಿ.”

ನನ್ನ ಸಹಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ; ಹಾಜರಿ ಪುಸ್ತಕದ ಮಾತು ಬೇರೆ. ಮನೆಯಲ್ಲಿ ಹೇಳಿದರೆ ನನ್ನಾಕೆ, “ಏಳನೇತ್ತಾ ಸಾಹೇಬ್ರು ಬಿ.ಎ. ಪೇಪರ್ ಚೆಕ್ ಮಾಡಾಕ ಹೊಂಟ್ರ ನೋಡವ್ವಾ,” ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ನಾನು ಮೀಸೆಯಲ್ಲೇ ನಕ್ಕೆ. ಒಳಗೆ ಹಿಗ್ಗಿತ್ತು.

ಕಾರ್ಡು ತುಂಬುವ ದಿನ ಮಧ್ಯಾಹ್ನ, ನಾವಿಬ್ಬರೂ ಆ ಖೋಲಿಯಲ್ಲಿ, ಸ್ಲ್ಯಾಬಿಗೆ ಆಸರೆ ಕೊಡುವ ಸೆಂಟರಿಂಗ್ ಹಲಗೆಯ ಮೇಲೆ ಕೂತಿದ್ದೆವು. ಅವರು ಪೆನ್ಸಿಲ್ಲಿನಿಂದ ಒಂದೊಂದೇ ಪೇಪರು ಬರೆಯುತ್ತ ಹೋದರು. ಮನಸ್ಸಿನ ಮೂಲಪಾಠ ಮೊದಲನೆಯದಕ್ಕೆ. ಮಗು ಬೆಳೆಯುವ ಬಗೆ ಎರಡನೆಯದಕ್ಕೆ. ಲೆಕ್ಕ, ಸರಾಸರಿಗಳದ್ದು ನಾಲ್ಕನೆಯದಕ್ಕೆ. ಮನಸ್ಸಿನ ರೋಗಗಳ ಪೇಪರೊಂದಿತ್ತು. ಅದನ್ನು ಮೂರನೇ ಸೆಮಿಸ್ಟರಿಗೂ ತೆಗೆದುಕೊಳ್ಳಬಹುದು, ಆರನೆಯದಕ್ಕೂ ತೆಗೆದುಕೊಳ್ಳಬಹುದು, ಆಯ್ಕೆ ನಿಮ್ಮದು ಎಂದು ತರಗತಿಯ ಮೇಡಂ ಹೇಳಿದ್ದರಂತೆ. ಕಾಕಾ ಮೂರನೇ ಸಾಲಿಗೆ ಬರೆದರು. ಪುಸ್ತಕವನ್ನೂ ಮೂರನೇ ಗೂಡಿನಲ್ಲಿ ಇಟ್ಟರು. ಇಟ್ಟವರು ನನ್ನ ಕಡೆ ತಿರುಗಿದರು.

“ಬರೋಬರಿ ಅದ ಏನ್ರಿ, ಮಿಸ್ತ್ರಿ?”

ನಾನು ಸುಮ್ಮನೆ ಹೂಂ ಅಂದಿದ್ದರೆ ಆಗುತ್ತಿತ್ತು... ನೋಡಿದವನ ಪಟ್ಟ ತಲೆಗೇರಿತ್ತು.

“ನಿಮಗ ಬೇಕಾಗಿದ್ದು ಅದ ಪೇಪರ್ ಹೌದಲ್ರಿ? ಹಂಗಾರ ಅದನ್ನ ಕಡೀಕಿಡ್ರಿ. ಸ್ಲ್ಯಾಬ್ ಹಾಕಿದ ಮ್ಯಾಲ ಇಪ್ಪತ್ತೊಂದು ದಿನ ನೀರ ಕುಡಸ್ತೀವಿ. ಗಡಿಬಿಡಿ ಮಾಡಿ ಹತ್ತ ದಿನಕ್ಕ ಸೆಂಟರಿಂಗ್ ಬಿಚ್ಚಿದ್ರ ತಲೀ ಮ್ಯಾಲ ಬೀಳ್ತೈತಿ. ಬುನಾದಿ ಗಟ್ಟಿ ಆಗಲಿ. ಭಾರಾ ಕಡೀಕ ಹೊರಸ್ರಿ.”

ಅವರು ಬಹಳ ಹೊತ್ತು ಕಾರ್ಡನ್ನೇ ನೋಡಿದರು. ಆಮೇಲೆ ರಬ್ಬರ್ ತೆಗೆದುಕೊಂಡು ಮೂರನೇ ಸಾಲನ್ನು ಅಳಿಸಿ, ಅಲ್ಲಿ ಬೇರೊಂದು ಪೇಪರು ಬರೆದು, ಇದನ್ನು ಆರನೆಯದಕ್ಕೆ ಹಾಕಿದರು. “ಖರೇ ಅದ. ಇನ್ಸ್‌ಪೆಕ್ಟರ್ ಹೇಳಿದ ಮ್ಯಾಲ ಮುಗೀತು,” ಎಂದು ನಕ್ಕರು. ಆ ಪುಸ್ತಕವನ್ನು ನಾನೇ ತೆಗೆದುಕೊಂಡೆ. ಮೇಲಿನ ಪ್ಲಾಸ್ಟಿಕ್ಕು ಇನ್ನೂ ಹರಿದಿರಲಿಲ್ಲ. ಸ್ಟೂಲ್ ಹತ್ತಿ ಆರನೇ ಗೂಡಿನಲ್ಲಿ ನಾನೇ ಇಟ್ಟೆ. ಹೊರಗೆ ಮೆಟ್ಟಿಲಿನ ಕಂಬಕ್ಕೆ ಸುತ್ತಿದ ಗೋಣಿತಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಆಮೇಲಿನ ಎರಡು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷಗಳು. ಯಾವುದಾದರೂ ಪೇಪರು ಮುಗಿದರೆ ಫೋನು ಬರುತ್ತಿತ್ತು. ಕೆಲಸ ಮುಗಿಸಿ, ಕೈಕಾಲು ತೊಳೆದು ಹೋಗುತ್ತಿದ್ದೆ. ಅವರು ಅವಲಕ್ಕಿ ಹಚ್ಚಿ ಇಟ್ಟು ಪಾಠ ಹೇಳುತ್ತಿದ್ದರು. ಹುಟ್ಟಿದ ಕೂಸು ಯಾವಾಗ ತಾಯಿಯ ಮುಖ ಗುರುತು ಹಿಡಿಯುತ್ತದೆ, ಮನುಷ್ಯ ಮರೆಯುವುದು ಹೇಗೆ, ಗುಂಪಿನಲ್ಲಿ ನಿಂತವನು ಒಬ್ಬನೇ ಇದ್ದಾಗ ಮಾಡದ ಕೆಲಸವನ್ನು ಯಾಕೆ ಮಾಡುತ್ತಾನೆ... ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುತ್ತಿದ್ದೆ. ಸರಾಸರಿಯ ಪಾಠ ಮೂರು ಸಲ ಹೇಳಿಸಿದೆ. ನಾಲ್ಕನೇ ಸಲ ಅವರು, “ಒಂದ ಗ್ವಾಡಿ ಎಂಟ ದಿನಾ ಕಟ್ಟೀರಿ. ಒಂದಿನ ಭಾಳ, ಒಂದಿನ ಕಡಿಮಿ. ದಿನಕ್ಕ ಎಷ್ಟ ಕಟ್ಟತೀರಿ ಅಂತ ಮಾಲಕ ಕೇಳಿದ್ರ ಏನ ಹೇಳತೀರಿ?” ಎಂದರು. ನಾನು ಹೇಳಿದೆ. “ಆತಲ್ಲ! ಸಹಿ ಮಾಡ್ರಿ!” ಎಂದು ತೊಡೆ ತಟ್ಟಿದರು.

ಹೋದ ಪ್ರತಿ ಭಾನುವಾರ ಮಗನಿಗೂ ಲೆಕ್ಕ ಒಪ್ಪಿಸುತ್ತಿದ್ದರಂತೆ. ಎರಡಾತು, ಇನ್ನ ನಾಲ್ಕು. ಮೂರಾತು, ಇನ್ನ ಮೂರು. ಅವನು ಕೇಳಿಸಿಕೊಂಡನೋ ಇಲ್ಲವೋ ಅವರಿಗೇ ಗೊತ್ತಾಗುತ್ತಿರಲಿಲ್ಲ.

ನಾಲ್ಕನೇ ಸಾಲಿಗೆ ಸಹಿ ಮಾಡಿದ ದಿನ ಕಾಕಾ ಎಂದಿನಂತೆ ತೊಡೆ ತಟ್ಟಲಿಲ್ಲ. ಗೂಡಿನ ಸಾಲನ್ನು ನೋಡುತ್ತ ಕೂತರು.

“ಅಂವ ಮನಿಗೆ ಬಂದ ಹೊಸದಾಗಿ, ಒಂದಿನ ಊಟಕ್ಕ ಏಳಲಿಲ್ಲ. ನನಗ ಸಿಟ್ಟು ಬಂತು. ನಾಟಕ ಸಾಕು ಮಾಡು, ನಿನ್ನಂಥಾ ಮಗ ಇದ್ದರೆಷ್ಟು ಬಿಟ್ಟರೆಷ್ಟು ಅಂದೆ. ಒಂದು ಏಟೂ ಹೊಡದೆ. ಅವತ್ತಿನಿಂದ ಅಂವ ನನ್ನ ಕೂಡ ಪೂರಾ ಮಾತ ಬಿಟ್ಟಾನ... ಅದರಿಂದನ ಆತೇನು, ಅಲ್ಲೇನು, ಇಷ್ಟ ನನಗ ತಿಳೀಬೇಕಾಗೇದ. ಡಾಕ್ಟರಿಗೆ ಕೇಳಲಿಕ್ಕೆ ಬಾಯಿ ಬರಲಿಲ್ಲ. ಹೌದು ಅಂದುಬಿಟ್ರ?”

ಅವರ ಕಣ್ಣು ಆರನೇ ಗೂಡಿಗೆ ಹೋಗಿ ನನ್ನ ಮುಖಕ್ಕೆ ಬಂತು. ಅವರು ನನ್ನನ್ನು ಕೇಳುತ್ತಿದ್ದರು. ನಾನು ಕುರುಡನಲ್ಲ, ತಿಳಿಯಿತು. ಇಳಿಸ್ರಿ ಕಾಕಾ, ಇವತ್ತ ಓದ್ರಿ ಎನ್ನಲು ನಾಲ್ಕೇ ಮಾತು ಸಾಕಿತ್ತು. ಸ್ಟೂಲ್ ಅಲ್ಲೇ ಇತ್ತು. ಆದರೆ ಎರಡು ವರ್ಷದ ಹಿಂದೆ ಅಷ್ಟು ಜಂಬದಿಂದ ಹೇಳಿದ ಮಾತನ್ನು ನನ್ನ ಬಾಯಿಂದಲೇ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲ! ನಾನು ಕಟ್ಟಿದ್ದನ್ನು ನಾನೇ ಕೆಡವಿದವನಲ್ಲ.

“ಇನ್ನೇನ್ರಿ, ಎರಡ ಉಳದಾವ,” ಎಂದೆ.

“ಹೌದ ಹೌದ. ಎರಡ,” ಎಂದರು.

ಐದನೆಯದರ ಪರೀಕ್ಷೆ ಬರೆಯಲಿಲ್ಲ. ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ಬೆಳಿಗ್ಗೆ ನಾಸಿಕ್ ರೋಡಿನ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದವರು ಕೂತಂತೆಯೇ ಹೋದರು. ಎದೆ ನಿಂತಿತ್ತಂತೆ. ತೊಡೆಯ ಮೇಲೆ ಮಗನಿಗೆಂದು ಒಯ್ಯುತ್ತಿದ್ದ ಶೇಂಗಾ ಹೋಳಿಗೆಯ ಡಬ್ಬಿ ಇತ್ತು.

ಧಾರವಾಡದಿಂದ ಅವರ ತಂಗಿ ಬಂದರು. ದಿನಕರ್ಮ ಮುಗಿದ ಮೇಲೆ ನನ್ನನ್ನು ಕರೆದು, “ಅಣ್ಣಾ ನಿಮ್ಮ ಹೆಸರ ಭಾಳ ಹೇಳತಿದ್ದ. ಈ ಖೋಲ್ಯಾಗಿಂದು ಏನರ ಬೇಕಾದ್ರ ಒಯ್ರಿ,” ಎಂದರು. ಗೋಡೆಯ ಮೇಲಿನ ಕಾರ್ಡು ಬಿಚ್ಚಿಕೊಂಡೆ. ಸ್ಟೂಲ್ ಹತ್ತಿ ಆರನೇ ಗೂಡಿನ ಪುಸ್ತಕವನ್ನೂ ಕೆಳಗಿಳಿಸಿಕೊಂಡೆ. ಪ್ಲಾಸ್ಟಿಕ್ಕು ಹಾಗೇ ಇತ್ತು. ಒಂದು ಮೂಲೆ ಕೂಡ ಹರಿದಿರಲಿಲ್ಲ. ಸರದಿ ಬಾರದ ಕೆಲಸಕ್ಕೆ ಅವರು ಕೈ ಹಚ್ಚುವವರಲ್ಲ...

ಮಗನಿಗೆ ಆರೈಕೆ ಕೇಂದ್ರದ ಡಾಕ್ಟರು ಮೊದಲೇ ಸುದ್ದಿ ಮುಟ್ಟಿಸಿದ್ದರು. ಆದರೂ ಮುಂದಿನ ಭಾನುವಾರ ಅದೇ ರೈಲಿಗೆ ನಾನು ಹೋದೆ. ಮೂವತ್ತು ದಾಟಿದ ಗಂಡಸು, ಕಾಕಾನದೇ ಮೂಗು. ತುಳಸಿ ಗಿಡಕ್ಕೆ ನೀರು ಹಾಕುತ್ತಿದ್ದ. ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಅವನು ನನ್ನ ಸಿಮೆಂಟು ತಿಂದ ಬೆರಳುಗಳನ್ನೇ ನೋಡಿದ. ಆಮೇಲೆ, ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಕೇಳಿದ: “ಬಾಬಾ ಆರನೇದು ಓದಿದ್ರು ಕಾ?”

ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಂದೊಂದು ಭಾನುವಾರದ ಲೆಕ್ಕವೂ ಅವನಲ್ಲಿತ್ತು.

“ಇಲ್ಲ ತಮ್ಮಾ. ನಾಲ್ಕಾಗಿದ್ವು,” ಎಂದೆ.

ಅವನು ನೀರಿನ ತಂಬಿಗೆಯನ್ನು ನೆಲಕ್ಕಿಟ್ಟ. “ಹಂಗಾದ್ರ ನೀವು ಓದ್ರಿ,” ಎಂದ.

ಅದಕ್ಕೆ ಓದಿದೆ. ನನ್ನ ಮರಾಠಿ ಬೋರ್ಡು ಓದುವಷ್ಟು. ಕೆಲಸದ ಜಾಗದಲ್ಲಿ ಊಟ ಆದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು, ತಿಳಿಯದ್ದನ್ನು ಸೂಪರ್‌ವೈಸರ್‌ಗೆ ಕೇಳುತ್ತ. ಏಳು ತಿಂಗಳು ಹಿಡಿಯಿತು, ಆ ಹುಡುಗನ ರೋಗದ ಪಾಠ ಬರಲು. ಇದು ಒಂದು ಕಾರಣದಿಂದ ಬರುವ ರೋಗವಲ್ಲ, ತಂದೆ ಬೈದದ್ದರಿಂದ, ಹೊಡೆದದ್ದರಿಂದ ಬರುವಂಥದ್ದಲ್ಲ ಎಂದು ಅಲ್ಲಿ ಬರೆದಿತ್ತು. ಮಾತು ಬಿಡುವುದು ಕೂಡ ಸಿಟ್ಟಲ್ಲ, ಆ ರೋಗದ್ದೇ ಒಂದು ಲಕ್ಷಣ ಆಗಿರಬಹುದು ಎಂದಿತ್ತು. ಮನೆಯವರು ತಮ್ಮಿಂದಲೇ ಹೀಗಾಯಿತೆಂದು ಒಳಗೊಳಗೇ ಸುಡುತ್ತಿರುತ್ತಾರೆ, ಅವರಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಇದು ಎಂದೂ ಇತ್ತು. ಮೊದಲು. ಸೂಪರ್‌ವೈಸರ್‌ಗೆ ಎರಡು ಸಲ ಓದಿಸಿ, ಆ ಶಬ್ದ ಅದೇ ಹೌದೆಂದು ಖಾತ್ರಿ ಮಾಡಿಕೊಂಡೆ.

ಆ ಮಾತು ಎರಡೂವರೆ ವರ್ಷ ಅವರ ತಲೆಯ ಮೇಲೆ, ನಾನೇ ಕಟ್ಟಿದ ಗೂಡಿನಲ್ಲಿ, ಪ್ಲಾಸ್ಟಿಕ್ಕಿನೊಳಗೆ ಕೂತಿತ್ತು.

ಈಗ ಹದಿನೈದು ದಿನಕ್ಕೊಂದು ಭಾನುವಾರ ನಾನು ಆ ರೈಲಿಗೆ ಹೋಗುತ್ತೇನೆ. ಅವನು ಹೆಚ್ಚು ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ. ಕಾರ್ಡು ನಮ್ಮ ಮನೆಯ ಟ್ರಂಕಿನಲ್ಲಿದೆ. ಕಳೆದ ವಾರ ಆ ಗೋಣಿತಟ್ಟಿನ ವಾಸನೆ ಹೊತ್ತುಕೊಂಡೇ ಮನೆಗೆ ಹೋಗಿ ಅದನ್ನು ಹೊರಗೆ ತೆಗೆದೆ. ಪೇಪರು ನನಗೆ ತಿಳಿದಿದೆ. ಆದರೆ ಮಾಡಿದವರ ಸಹಿಯಿಲ್ಲದ ಸಾಲಿಗೆ ನೋಡಿದವನು ಸಹಿ ಮಾಡುವಂತಿಲ್ಲ. ಆರನೇ ಸಾಲಿನ ಸಹಿಯ ಜಾಗ ಖಾಲಿಯೇ ಇರಬೇಕು.

ಕಾರ್ಡನ್ನು ಬಾಗಿಲ ಬಿಸಿಲಿಗೆ ಸ್ವಲ್ಪ ವಾರೆಯಾಗಿ ಹಿಡಿದೆ. ಮೂರನೇ ಸಾಲಿನಲ್ಲಿ, ಬೇರೆ ಪೇಪರಿನ ಹೆಸರಿನ ಕೆಳಗೆ, ರಬ್ಬರ್ ತಿಕ್ಕಿದ ಜಾಗದಲ್ಲಿ ಪೆನ್ಸಿಲ್ ಒತ್ತಿದ ಗೆರೆಗಳು ಇನ್ನೂ ಉಳಿದಿವೆ. ಅವರು ಮೊದಲು ಬರೆದದ್ದು ಈಗಲೂ ಓದಲು ಬರುತ್ತದೆ.