ಅಕ್ಕ ನನಗೆ ಹೇಳದೇ ಬಿಟ್ಟದ್ದು

ಮೈಯ ವಿಷಯವೆಲ್ಲ ನನಗೆ ತಿಳಿದದ್ದು ಅಕ್ಕನ ಬಾಯಿಂದ. ಅಪ್ಪ, ಅವ್ವ ಇಬ್ಬರೂ ಮಾಸೂರಿನ ಕೆರೆಯ ಕೆಳಗಿನ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದರು. ಮೊದಲ ಸಲ ಲಂಗ ಕೆಂಪಾದಾಗ ನನಗೇನೋ ದೊಡ್ಡ ಜಡ್ಡು ಬಂದಿದೆ ಎಂದು ಹಿತ್ತಲಲ್ಲಿ ಕುಳಿತು ಅತ್ತಿದ್ದೆ. ಅವ್ವ ನೋಡಿದಳು, ಹೊರಗೆ ಕುಳಿತುಕೋ ಎಂದಷ್ಟೇ ಹೇಳಿ ನಾಟಿಗೆ ಹೋದಳು. ಅಕ್ಕನೇ ಹಳೆಯ ಸೀರೆ ಹರಿದುಕೊಟ್ಟು, ಹೇಗೆ ಮಡಚಬೇಕು, ತೊಳೆದದ್ದನ್ನು ಯಾಕೆ ಬಿಸಿಲಿಗೇ ಹಾಕಬೇಕು ಎಂಬುದನ್ನೆಲ್ಲ ತಿಳಿಸಿದಳು. ಶಿಗ್ಗಾಂವಿಗೆ ಲಗ್ನವಾಗಿ ಹೋದ ಮೇಲೂ ಅವಳು ತವರಿಗೆ ಬಂದರೆ ನಾವಿಬ್ಬರೇ ಬಟ್ಟೆ ಒಗೆಯಲು ಕೆರೆಗೆ ಹೋಗುತ್ತಿದ್ದೆವು. ಗಂಡ ಹೆಂಡತಿ ಹೇಗಿರುತ್ತಾರೆ, ಬಸುರು ಹೇಗೆ ನಿಲ್ಲುತ್ತದೆ ಎಂದು ನಾನು ನಾಚಿಕೊಂಡು ಕೇಳಿದ್ದಕ್ಕೆಲ್ಲ ಅವಳು ನಕ್ಕಾದರೂ ಉತ್ತರ ಕೊಡುತ್ತಿದ್ದಳು. ಆ ಕಾಲದಲ್ಲಿ ಅಂಥ ಅಕ್ಕ ಸಿಗುವುದು ದೊಡ್ಡ ಮಾತು.

ಎಪ್ಪತ್ತರ ದಶಕದ ಆರಂಭದಲ್ಲಿ ಭಾವನೇ ನನಗೆ ಸವಣೂರಿನ ಸಂಬಂಧ ತಂದ. ಹುಡುಗ ಎಲೆಬಳ್ಳಿ ತೋಟಗಳಿಂದ ವೀಳ್ಯದೆಲೆ ಕೊಂಡು, ಬುಟ್ಟಿ ಕಟ್ಟಿಸಿ, ಯಲವಿಗಿ ಸ್ಟೇಷನ್ನಿನಲ್ಲಿ ರೈಲಿಗೆ ಹಾಕಿ, ತಾನೂ ಮುಂಬಯಿಯವರೆಗೆ ಹೋಗಿಬರುತ್ತಿದ್ದ. ಭಾವನದೂ ಅದೇ ವ್ಯಾಪಾರ. ಅರಿಷಿಣ ಹಚ್ಚುವಾಗ ಹುಡುಗ ಹೇಗಿದ್ದಾನೆ ಎಂದು ಅಕ್ಕನನ್ನು ಕೇಳಿದೆ. "ಚಲೋ ಅದಾನ. ನಾ ನೋಡೇನಿ, ನೀ ಚಿಂತಿ ಮಾಡಬ್ಯಾಡ," ಎಂದಳು. ಅವಳು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಲಗ್ನವಾಗಿ ಕೆಲವೇ ತಿಂಗಳಿಗೆ ಮೈಮೇಲೆಲ್ಲ ತಾಮ್ರದ ಬಣ್ಣದ ಗಂಧೆ ಎದ್ದವು. ಉಷ್ಣಕ್ಕೆ ಹಾಗಾಗುತ್ತದೆ ಎಂದು ಅತ್ತೆ ಬೆಣ್ಣೆ ಹಚ್ಚಿದರು, ತಾವಾಗಿಯೇ ಹೋದವು. ಮೊದಲ ಬಸುರು ಅರ್ಧಕ್ಕೇ ಇಳಿಯಿತು. ಎರಡನೆಯ ಕೂಸು ಹೊಟ್ಟೆಯಲ್ಲೇ ತೀರಿತು. ಮನೆಗೆ ಬಂದು ಹೋಗುವ ಹೆಂಗಸರು ನನ್ನ ಕಾಲ್ಗುಣದ ಮಾತಾಡಿದರು. ಅತ್ತೆ ದರ್ಗಾಕ್ಕೂ ಗುಡಿಗೂ ಕರೆದೊಯ್ದು ದಾರ ಕಟ್ಟಿಸಿದರು. ನನ್ನ ಗಂಡ ಎಂದಿನಂತೆ ಬುಟ್ಟಿ ಕಟ್ಟಿಸಿ ಮುಂಬಯಿಗೆ ಹೋಗಿಬರುತ್ತಿದ್ದ. ನಾನೂ ತಪ್ಪು ನನ್ನ ಹೊಟ್ಟೆಯದೇ ಎಂದು ನಂಬಿದ್ದೆ.

ಹಾನಗಲ್ಲಿನ ಆಸ್ಪತ್ರೆಗೆ ಹೆಣ್ಣು ಡಾಕ್ಟರು ಬಂದಿದ್ದಾರೆಂದು ತಿಳಿದು, ನಾನೇ ಹಟ ಹಿಡಿದು ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರು ಇಬ್ಬರ ರಕ್ತವನ್ನೂ ತೆಗೆಸಿದರು. ಮತ್ತೆ ಹೋದಾಗ ಎದುರಿಗೆ ಕೂರಿಸಿ, ಇದು ಗರ್ಮಿ ರೋಗ, ಸಿಫಿಲಿಸ್ ಅಂತಾರೆ, ಕೂಡುವುದರಿಂದ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ, ಇದರಿಂದಲೇ ಕೂಸು ಉಳಿಯುತ್ತಿಲ್ಲ, ಇಬ್ಬರೂ ಪೆನಿಸಿಲಿನ್ ಇಂಜೆಕ್ಷನ್ ತಗೊಂಡರೆ ವಾಸಿಯಾಗುತ್ತದೆ ಎಂದರು. ಆಮೇಲೆ ಗಂಡನ ಕಡೆ ತಿರುಗಿ ಕೇಳಿದರು.

"ಮೊದಲ ಎಲ್ಲ್ಯರ ತೋರಿಸಿದ್ರೇನ್ರಿ?"

"ಹುಬ್ಬಳ್ಳ್ಯಾಗ ತೋರಿಸಿದ್ದೆ ರೀ, ಲಗ್ನಕ್ಕಿಂತ ಮೊದಲ," ಎಂದ ಅವನು ನೆಲ ನೋಡುತ್ತ. "ಒಂದು ಸೂಜಿ ಮಾಡಿಸಿ ಬಿಟ್ಟೆ. ಇಕಿ ಅಕ್ಕನ ಗಂಡನೇ ಕರಕೊಂಡು ಹೋಗಿದ್ರು."

ಹೊರಗೆ ಬಂದು ಗಂಡ ಸವಣೂರಿನ ಬಸ್ಸು ಹತ್ತಿದ. ನಾನು ಹತ್ತಲಿಲ್ಲ. ಶಿಗ್ಗಾಂವಿಗೆ ಹೋದೆ.

ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ತುಂಬು ಬಿಡಿಸುತ್ತಿದ್ದಳು. ಭಾವ ಮನೆಯಲ್ಲಿರಲಿಲ್ಲ. ನಾನು ನಿಂತೇ ಕೇಳಿದೆ.

"ಲಗ್ನಕ್ಕ ಮೊದಲ ನಿನಗ ಗೊತ್ತಿತ್ತೇನ?"

ಏನು ಎಂದು ಅವಳು ಕೇಳಲಿಲ್ಲ. ಅಷ್ಟಕ್ಕೇ ನನಗೆ ತಿಳಿಯಿತು, ಕಟ್ಟೆಯ ಮೇಲೆ ಕುಳಿತೆ.

"ಆರಾಮ ಆಗೇತಿ ಅಂತ ಇವರು ಹೇಳಿದ್ರು," ಎಂದಳು. "ಆದ್ರೂ ಜೀವ ತಡೀಲಿಲ್ಲ, ಅವ್ವಗ ಹೇಳಿದೆ. ಅವ್ವ ಬ್ಯಾಡ ಅಂದ್ಲು. ಲಗ್ನ ಮುರದ್ರ ಆಕೀನ ಯಾರು ಮಾಡ್ಕೋತಾರ, ಸುಮ್ನಿರು ಅಂದ್ಲು."

"ನನಗ ಯಾಕ ಹೇಳಲಿಲ್ಲ?"

"ಅಂಥಾ ಮಾತು ತಂಗಿಗೆ ಹೆಂಗ ಹೇಳಲಿ?"

ಕೆರೆಯ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿಕೊಟ್ಟವಳು ಅದೇ ಬಾಯಿಂದ ಹೀಗೆ ಕೇಳಿದಳು. ಗಂಡ ಮುಚ್ಚಿಟ್ಟದ್ದಕ್ಕೆ ಸಿಟ್ಟು ಬಂದಿತ್ತು. ಆದರೆ ಅವನು ಆಗ ಪರರ ಮನೆಯವನು. ನನ್ನವರೇ ಇಬ್ಬರು ಹೆಂಗಸರು ಕೂತು ಮಾತಾಡಿ, ತಿಳಿದೂ ತಿಳಿದೂ ನನಗೆ ಅರಿಷಿಣ ಹಚ್ಚಿದ್ದರು. ಅವಳು ಇಟ್ಟ ಚಹಾ ಕುಡಿಯದೆ ಎದ್ದು ಬಂದೆ.

ಅವ್ವನನ್ನು ಕೇಳಿದಾಗ ಅವಳು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಸಂಸಾರ ನಡೆದಿದೆಯಲ್ಲ ಎಂದಳು. ನಾವಿಬ್ಬರೂ ಇಂಜೆಕ್ಷನ್ ಪೂರ್ತಿ ಮಾಡಿಸಿದೆವು. ಮುಂದೆ ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ಹಬ್ಬಕ್ಕೆ ತವರಿಗೆ ಹೋಗುತ್ತಿದ್ದೆ, ಅಕ್ಕನೊಡನೆ ಮಳೆ ಬೆಳೆಯ ಮಾತಾಡುತ್ತಿದ್ದೆ. ಅದಕ್ಕಿಂತ ಒಳಗಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಎಂಬತ್ತರ ದಶಕದ ಕೊನೆಗೆ ರೇಡಿಯೋದಲ್ಲಿ ಏಡ್ಸ್ ಎಂಬ ಹೊಸ ರೋಗದ ಮಾತು ಬರತೊಡಗಿತು. ಅದಕ್ಕೆ ಔಷಧವಿಲ್ಲ ಎಂದರು. ಅದೇ ಹೊತ್ತಿಗೆ ಅಕ್ಕ ತನ್ನ ಮಗಳನ್ನು ಹಂಸಭಾವಿ ಕಡೆಯ ಹುಡುಗನಿಗೆ ನಿಶ್ಚಯ ಮಾಡಿದ್ದಳು. ಅವನು ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ಅವನ ಮೇಲೆ ನನಗೇನೂ ಸಂಶಯವಿರಲಿಲ್ಲ. ಹುಡುಗಿ ಸೀರೆ ತೆಗೆಯಲು ಸವಣೂರಿಗೆ ಬಂದಾಗ ಕೂರಿಸಿಕೊಂಡು, ರೋಗ ಹೇಗೆ ಬರುತ್ತದೆ, ನಿರೋಧ್ ಯಾತಕ್ಕೆ, ಗಂಡನಾಗುವವನನ್ನು ಏನು ಕೇಳಬೇಕು, ಎಲ್ಲ ಹೇಳಿದೆ. ನನಗಾದದ್ದನ್ನೂ ಹೇಳಿದೆ. ಯಾರು ಮುಚ್ಚಿಟ್ಟರು ಎಂಬುದನ್ನು ಮಾತ್ರ ಹೇಳಲಿಲ್ಲ.

ಅವಳು ಹೋಗಿ, ನಾನು ಹೇಳಿದ್ದು ನಿಜವೇ ಎಂದು ತಾಯಿಯನ್ನು ಕೇಳಿದಳಂತೆ. ಮರುವಾರ ಅಕ್ಕ ಒಬ್ಬಳೇ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ.

"ನೀ ಲಗ್ನಕ್ಕ ಬರಬ್ಯಾಡ," ಎಂದಳು. "ಬೀಗರ ಮುಂದ ಏನರ ಅಂದಗಿಂದಿ."

ಲಗ್ನದ ದಿನ ನಾನು ಮನೆಯಲ್ಲೇ ಉಳಿದೆ. ನನ್ನ ಮಗಳು ದೊಡ್ಡವಳಾಗಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ದೊಡ್ಡವ್ವನ ಮನೆಯ ಲಗ್ನಕ್ಕೆ ಯಾಕೆ ಹೋಗಲಿಲ್ಲ ಎಂದು ಕೇಳಿದಳು. ಪಕ್ಕಕ್ಕೆ ಕೂರಿಸಿಕೊಂಡು ಮೊದಲಿನಿಂದ ಹೇಳತೊಡಗಿದೆ. ಪಡಸಾಲೆಯಲ್ಲಿ ಕುಳಿತಿದ್ದ ನನ್ನ ಗಂಡನಿಗೆ ನನ್ನ ಮಾತು ಕೇಳಿಸುತ್ತಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು ತೋಟದ ಕಡೆ ಹೋದ. ನಾನು ಮಾತು ನಿಲ್ಲಿಸಲಿಲ್ಲ.