ಸೋಬಾನೆಯ ಎರಡು ಸಾಲುಗಳ ನಡುವೆ

ಬೆಟ್ಟಂಪಾಡಿಯ ನನ್ನ ಮನೆಯಲ್ಲಿ ಹಿಂದೆ ಭತ್ತ ಇಡುತ್ತಿದ್ದ ಕೋಣೆಯೇ ಈಗ ಸ್ಟುಡಿಯೊ. ಸ್ವರ ಮಾರ್ದನಿಸದ ಹಾಗೆ ಗೋಡೆಗೆ ಹಳೆಯ ಕಂಬಳಿ ಹೊಡೆದಿದ್ದೇನೆ. ವ್ಯಾಯಾಮ ಶಿಕ್ಷಕನಾಗಿ ನಿವೃತ್ತನಾದ ಮೇಲೆ ಹಿಡಿದ ರೆಕಾರ್ಡಿಂಗ್ ಹವ್ಯಾಸ. ಚಪ್ಪಲಿ ಹೊರಗೆ, ಮೊಬೈಲ್ ಹೊರಗೆ, ಫ್ಯಾನ್ ಬಂದ್, ಆಮೇಲೆಯೇ ಮೈಕ್.

ರಾಮಕುಂಜದ ಕಡೆಯ ಶಾಲೆಯೊಂದರಲ್ಲಿ ನನ್ನೊಂದಿಗೆ ದುಡಿದ ಟೀಚರೊಬ್ಬರು, ಗಂಟಲಿನ ಶಸ್ತ್ರಚಿಕಿತ್ಸೆಗೆ ಮೊದಲು ಇಲ್ಲಿಗೆ ಬಂದು ಹಾಡಿಹೋಗಿದ್ದರು. ಅವರು ಸುಳ್ಯದವರು. ಅಲ್ಲಿ ಮದುವೆಮನೆಯ ಹೆಂಗಸರು ಹೇಳುವ ಸೋಬಾನೆ ಹಾಡಿಗೆ ಅವರೇ ಮುಂದು: ಅವರೊಂದು ಸಾಲು ಹೇಳಬೇಕು, ಉಳಿದವರು ಅದನ್ನೇ ಎತ್ತಿ ಹೇಳಬೇಕು. ಚಿಕಿತ್ಸೆಯಿಂದ ಜೀವ ಉಳಿಯಿತು. ಸ್ವರ ಉಳಿಯಲಿಲ್ಲ, ಈಗ ಪಿಸುಮಾತು ಮಾತ್ರ.

ಮೊಮ್ಮಗಳ ಮದುವೆ ನಿಶ್ಚಯವಾದಾಗ ಅವರ ಮಗಳು ಫೋನ್ ಮಾಡಿದಳು.

"ಸರ್, ಮದರಂಗಿಯ ದಿನಕ್ಕೆ ಅಮ್ಮನ ಸೋಬಾನೆ ಬೇಕಿತ್ತು. ಸಿಡಿ ಮಾಡಿ ಕೊಡ್ಲಿಕ್ಕೆ ಆಗ್ತದಾ?"

"ಈಗ ಸಿಡಿ ಎಂತಕ್ಕೆ? ಪೆನ್‌ಡ್ರೈವ್ ಸಾಕಲ್ಲ?"

"ಅಮ್ಮನಿಗೆ ಒತ್ಲಿಕ್ಕೆ ಗೊತ್ತಿರುದು ಆ ಹಳೇ ಪ್ಲೇಯರ್ ಒಂದೇ. ಹಾಡು ಶುರು ಮಾಡುದು ತಾನೇ ಅಂತ ಹಟ."

ಅವರ ಹಾಡು ಉಳಿದಿದ್ದದ್ದು ಆ ಒಂದು ರೆಕಾರ್ಡಿಂಗ್‌ನಲ್ಲಿ. ಫೈಲನ್ನು ಹಿಂಡಿ ಚಿಕ್ಕದು ಮಾಡುವ ಎಂಪಿತ್ರೀಯ ಗೊಡವೆಗೆ ಹೋಗಲಿಲ್ಲ. ಅದರಲ್ಲಿ ಹಿಂಡಿಹೋದ ಸ್ವರ ಮತ್ತೆ ತುಂಬಿ ಬರುವುದಿಲ್ಲ. ಮೂಲ ಫೈಲನ್ನು ಮುಟ್ಟದೆ ಅದರದೊಂದು ಪ್ರತಿ ತೆಗೆದು, ಉಳಿದ ಕೆಲಸವೆಲ್ಲ ಮುಗಿದ ಮೇಲೆ ಸಿಡಿಗೆ ಒಗ್ಗುವ ಗುಣಮಟ್ಟಕ್ಕೆ ಒಂದೇ ಬಾರಿ ಇಳಿಸಿದೆ. ಸದ್ದು ಹೆಚ್ಚಿಸಲು ಹೋಗಿ ಏರುಸ್ವರ ಒಡೆಯದಂತೆ ನೋಡಿಕೊಂಡೆ. ಸಾಲುಗಳ ನಡುವೆ ಉದ್ದುದ್ದ ಮೌನವಿತ್ತು. ಟೀಚರಿಗೆ ದಣಿವಾಗಿತ್ತೇನೋ ಎಂದುಕೊಂಡು ಅದನ್ನೆಲ್ಲ ಕತ್ತರಿಸಿ, ಸಾಲಿಗೆ ಸಾಲು ಜೋಡಿಸಿ, ತಪ್ಪು ಬೀಳದಂತೆ ನಿಧಾನ ವೇಗದಲ್ಲಿ ಸಿಡಿಗೆ ಬರೆಸಿದೆ. ಕೇಳಿದರೆ ಒಂದು ಕೊರತೆಯೂ ಇರಲಿಲ್ಲ.

ಸುಳ್ಯಕ್ಕೆ ಒಯ್ದೆ. ಟೀಚರ್ ತಾವೇ ಗುಂಡಿ ಒತ್ತಿ, ತಮ್ಮ ಸ್ವರ ಕೇಳಿದೊಡನೆ ಕಣ್ಣು ಮುಚ್ಚಿದರು. ಮೊದಲ ಸಾಲು ಮುಗಿದಾಗ ಎತ್ತಿಕೊಳ್ಳಲು ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಎರಡನೆಯದು ಬಂದುಬಿಟ್ಟಿತು. ಮತ್ತೂ ಹಾಗೆಯೇ. ಟೀಚರ್ ಪ್ಲೇಯರ್ ನಿಲ್ಲಿಸಿದರು.

"ನಾನು ಒಬ್ಳೇ ಹೇಳಿದ್ರೆ ಅದು ಸೋಬಾನೆಯಾ ಮಾರಾಯ್ರೆ?" ಎಂದು ಪಿಸುಗುಟ್ಟಿದರು. "ಉಳಿದವ್ರು ಹೇಳುದು ಯಾವಾಗ? ನಿಮ್ಮ ಡ್ರಿಲ್ಲಿನಲ್ಲಿ ಸಹ ಮಕ್ಕಳಿಗೆ ಉಸಿರು ತೆಗೀಲಿಕ್ಕೆ ಬಿಡ್ತಿದ್ರಿ!"

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅಂದು ನನ್ನ ಕೋಣೆಯಲ್ಲಿ ಒಬ್ಬರೇ ಕೂತು ಹಾಡುವಾಗಲೂ, ಅಲ್ಲಿಲ್ಲದ ಹೆಂಗಸರು ಹೇಳಿ ಮುಗಿಸುವಷ್ಟು ಹೊತ್ತು ಅವರು ಪ್ರತಿ ಸಾಲಿಗೂ ಕಾದಿದ್ದರು.

ಮನೆಗೆ ಬಂದು ಮೂಲ ಫೈಲನ್ನು ತೆರೆದೆ. ಈ ಸಲ ಏನನ್ನೂ ಕತ್ತರಿಸಲಿಲ್ಲ.

ಮದರಂಗಿಯ ಸಂಜೆ ನಾನು ಬಾಗಿಲ ಬಳಿ ನಿಂತಿದ್ದೆ. ಟೀಚರ್ ಗುಂಡಿ ಒತ್ತಿದರು. ಸಾಲು ಬಂತು, ನಿಂತಿತು. ಚಾಪೆಯಲ್ಲಿ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಟೀಚರ್ ಕೈಯೆತ್ತಿದ ಮೇಲೆ ಒಟ್ಟಾಗಿ ಎತ್ತಿಕೊಂಡರು. ಅವರು ಮುಗಿಸುವುದಕ್ಕೂ ಮುಂದಿನ ಸಾಲು ಬರುವುದಕ್ಕೂ ಸರಿಹೋಯಿತು. ಹಾಗೆಯೇ ಮುಂದುವರಿಯಿತು. ತಮ್ಮ ಸಾಲು ಬಂದಾಗ ಟೀಚರ್ ಸುಮ್ಮನಿರುತ್ತಿದ್ದರು. ಉಳಿದವರ ಸರದಿ ಬಂದಾಗ ಅವರೊಂದಿಗೆ ತುಟಿ ಅಲುಗಿಸುತ್ತಿದ್ದರು.