ಮುನಿರಾಜುವಿನ ಮುಂದಿನ ಮಾಡೆಲ್

ಸಿಂಗಸಂದ್ರದ ಹಳೇ ಊರಿನ ಬೀದಿಯಲ್ಲಿ ಕ್ಯಾಮೆರಾ ಕೊಳ್ಳಬೇಕು ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಮುನಿರಾಜುವಿನ ಉತ್ತರ ಸಿದ್ಧ. "ಈಗ ತಗೋಬೇಡಿ ಸಾರ್. ಹೊಸ ಮಾಡೆಲ್ ಬರ್ತಾ ಇದೆ." ಯಾವಾಗ ಅಂದರೆ ಯುಗಾದಿಗೆ. ಯುಗಾದಿ ಕಳೆದರೆ ಗೌರಿಹಬ್ಬಕ್ಕೆ. ಗೌರಿ ಗಣೇಶ ಇಬ್ಬರೂ ನೀರಿಗೆ ಹೋದ ಮೇಲೆ ದೀಪಾವಳಿಗೆ. ಕ್ಯಾಮೆರಾ ಮಾಡುವ ಕಂಪನಿಯವರೇ ತುಟಿ ಪಿಟಕ್ ಅಂದಿರಲಿಲ್ಲ. ಈ ಮಹಾನುಭಾವ ಮಾತ್ರ ಅವರ ಮನೆ ಅಳಿಯನ ಹಾಗೆ ಒಳಗಿನ ಸುದ್ದಿ ಎಲ್ಲ ಹೇಳುತ್ತಿದ್ದ.

ಅವನದು ಭೈರವೇಶ್ವರ ಡಿಜಿಟಲ್ ಸ್ಟುಡಿಯೋ. ಒಂದು ನೀಲಿ ಪರದೆ, ಒಂದು ಸ್ಟೂಲು, ದಾರ ಕಟ್ಟಿ ನೇತುಹಾಕಿದ ಬಾಚಣಿಗೆ, ಪಾಸ್‌ಪೋರ್ಟ್ ಫೋಟೋಗೆ ಬರುವ, ಪಿಜಿಯಲ್ಲಿ ಬಾಡಿಗೆಗಿರುವ ಹುಡುಗರು ಹಾಕಿಕೊಳ್ಳಲಿ ಅಂತ ಒಂದು ಕರಿ ಕೋಟು. ಆ ಕೋಟು ಎಷ್ಟು ಜನರ ಬೆವರು ಕುಡಿದಿದೆಯೋ ಆ ಭೈರವನಿಗೇ ಗೊತ್ತು. ಹೊಟ್ಟೆಗೆ ಹಿಟ್ಟು ಹಾಕುತ್ತಿದ್ದುದು ಜೆರಾಕ್ಸು, ಲ್ಯಾಮಿನೇಷನ್ನು. ಕ್ಯಾಮೆರಾ ಅಂದರೆ ಹೊಸಬರು ಮೊದಲು ಕೊಳ್ಳುತ್ತಾರಲ್ಲ, ಆ ಸಾಲಿನಲ್ಲೇ ಅಗ್ಗದ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್. ಹಿಡಿಯ ರಬ್ಬರು ಕಿತ್ತು ಬಂದದ್ದನ್ನು ಅಂಟು ಹಾಕಿ ಕೂರಿಸಿದ್ದ. ಸೆಕೆಗಾಲದಲ್ಲಿ ಅದು ಮತ್ತೆ ಬಿಡುತ್ತಿತ್ತು.

ಮಧ್ಯಾಹ್ನ ಗಿರಾಕಿ ಇಲ್ಲದಾಗ ಫೋನು ಹಿಡಿದು ಕೂರುವನು. ಅದೇ ಅಗ್ಗದ ಸಾಲಿನಲ್ಲಿ ಮುಂದೆ ಬರುವ ಕ್ಯಾಮೆರಾ ಹೇಗಿರುತ್ತದೆ ಅಂತ ಊಹಿಸಿ ಬರೆಯುವವರು ಪ್ರಪಂಚದ ತುಂಬ ಇದ್ದಾರೆ, ಅವರಿಗೂ ಬೇರೆ ಕೆಲಸವಿಲ್ಲ. ಹಿಂದಿನ ಸ್ಕ್ರೀನು ಹೊರಳುತ್ತದಂತೆ. ಮೈಕ್ ಸಿಕ್ಕಿಸಲು ತೂತು ಇರುತ್ತದಂತೆ. ಕತ್ತಲಲ್ಲಿ ತೆಗೆದರೂ ಫೋಟೋ ಕಾಳುಕಾಳಾಗಿ ಬರುವುದಿಲ್ಲವಂತೆ. ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲ ಅನ್ನುತ್ತಿದ್ದ. ಹೌದು ಅಂದ ದಿನ ಮುನಿರಾಜುವಿಗೆ ಅನ್ನ ರುಚಿಸುತ್ತಿತ್ತು. ಒಮ್ಮೆ ಆ ಖುಷಿಯಲ್ಲೇ, ಇನ್ನೂ ಬಾರದ ಕ್ಯಾಮೆರಾಗೆ ಒಂದು ಒಳ್ಳೇ ಬ್ಯಾಗು ತಂದುಬಿಟ್ಟ.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂತಾರಲ್ಲ, ಇದೇ ನೋಡಿ" ಅಂದಳು ಹೆಂಡತಿ ಶಶಿಕಲಾ. ಆ ಬ್ಯಾಗಿನಲ್ಲಿ ಲ್ಯಾಮಿನೇಷನ್ ಹಾಳೆ ತುಂಬಿಟ್ಟಳು. ಇವತ್ತಿಗೂ ಅದರಲ್ಲೇ ಇವೆ.

ಇವನು ಹುಟ್ಟಾ ಹೀಗಲ್ಲ. ಇವನ ಅಪ್ಪ ಪಾಪಯ್ಯ ಹೊಸೂರು ರಸ್ತೆ ಪಕ್ಕದ ರಾಗಿ ಹೊಲವನ್ನು ಮೊದಲು ಬಂದು ಕೇಳಿದವನಿಗೇ ಕೊಟ್ಟು ಕೈತೊಳೆದುಕೊಂಡಿದ್ದ. ಪಕ್ಕದ ಹೊಲದವರು ಸ್ವಲ್ಪ ಕಾಲ ಸುಮ್ಮನಿದ್ದರು, ಅಷ್ಟೇ. ಈಗ ಅವರ ಮಕ್ಕಳು ಬಾಡಿಗೆ ಎಣಿಸಿಕೊಂಡು ಕೂತಿದ್ದಾರೆ. "ಇನ್ನೊಂದ್ ವರ್ಸ ತಡ್ದಿದ್ರೆ..." ಅನ್ನುತ್ತಲೇ ಪಾಪಯ್ಯ ಕಣ್ಣು ಮುಚ್ಚಿದ. ತಾಯಿ ಚಿಕ್ಕಮುನಿಯಮ್ಮ ಆ ಪಾಠವನ್ನು ಮಗನಿಗೆ ಅರೆದು ಕುಡಿಸಿದಳು. "ನಿಮ್ಮಪ್ಪ ಆತ್ರ ಬಿದ್ದು ಒಲ ಕಳ್ದ. ನೀನು ಅಂಗ್ ಮಾಡ್ಬ್ಯಾಡ ಕಣಪ್ಪ. ತಾಳ್ದೋನು ಬಾಳ್ತಾನೆ." ತಾಳುವುದು ಇವನ ಮೈಗೆ ಹತ್ತಿಬಿಟ್ಟಿತು. ಬಟ್ಟೆ ಇಡುವ ಬೀರು ಕೊಳ್ಳಲು ತಾಳಿದ, ಗೋಡೆಗೆ ಸುಣ್ಣ ಹೊಡೆಸಲು ತಾಳಿದ. ಇಡೀ ಬೀದಿಯೇ ಮೆಟ್ರೋ ಬರಲಿ, ರಸ್ತೆ ಅಗಲ ಆಗಲಿ ಅಂತ ಕಾಯುತ್ತ ಕೂತಿರುವಾಗ ಇವನೊಬ್ಬನನ್ನು ಬೈದು ಏನು ಫಲ?

ಆದರೆ ಮಗಳ ವಿಷಯದಲ್ಲಿ ಬೈಯಲೇಬೇಕು.

ಮಗಳು ವೇಣಿ. ಹೈಸ್ಕೂಲಿನಲ್ಲಿದ್ದಾಗಿನಿಂದ ಅಪ್ಪನ ಜೊತೆ ಫಂಕ್ಷನ್ನುಗಳಿಗೆ ಹೋಗಿ ಲೈಟು ಹಿಡಿಯುವಳು. ಪಿಯುಸಿಯಲ್ಲಿದ್ದಾಗ ಒಂದು ದಿನ ಅಪ್ಪ ಊಟಕ್ಕೆ ಕೂತ ಹೊತ್ತು ಅದೇ ರಬ್ಬರು ಕಿತ್ತ ಕ್ಯಾಮೆರಾ ತಗೊಂಡು ಹೋಗಿ, ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಫೋಟೋ ತೆಗೆದಳು. ಅಜ್ಜಿ ಯಾರನ್ನೋ ಬೈಯುತ್ತ ನಗುತ್ತಿದ್ದಾಳೆ, ಕೈಯಲ್ಲಿ ಸಿಪ್ಪೆ. ಅಷ್ಟೇ ಫೋಟೋ. ಮುನಿರಾಜು ಅದನ್ನು ನೋಡಿ ಸುಸ್ತಾದ. ಅವನು ತನ್ನ ತಾಯಿಯನ್ನು ಎಷ್ಟು ಸಲ ತೆಗೆದಿದ್ದನೋ, ಪ್ರತಿ ಸಲವೂ ಆಕೆ ಕಂಬದ ಹಾಗೆ ನಿಂತಿರುತ್ತಿದ್ದಳು. ಈ ಮುಖ ಇವಳಿಗೆ ಎಲ್ಲಿ ಸಿಕ್ಕಿತು? ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಕಟ್ಟು ಹಾಕಿಸಿ ಅಂಗಡಿಯ ಗಾಜಿನಲ್ಲಿಟ್ಟ. ಅವತ್ತೇ ಅವನ ತಲೆಯೊಳಗೆ ಬೋರ್ಡೂ ಬದಲಾಯಿತು: ಮುನಿರಾಜು ಮತ್ತು ಮಗಳು. ಬೆನ್ನು ಹಿಡಿದುಕೊಳ್ಳುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಮಗಳು ಸ್ಟುಡಿಯೋ ಹಿಡಿಯಲಿ ಅನ್ನುವುದೊಂದೇ ಅವನ ಆಸೆ.

ಅವಳಿಗೂ ಅದೇ ಬೇಕಿತ್ತಲ್ಲ! "ಅಪ್ಪ, ನನಗೇ ಅಂತ ಒಂದು ಕ್ಯಾಮೆರಾ ಕೊಡ್ಸು. ದೊಡ್ದೇನ್ ಬೇಡ, ಮಾರತ್ತಹಳ್ಳಿ ಅಂಗಡೀಲಿ ಇದ್ಯಲ್ಲ, ಆ ಚಿಕ್ದೇ ಸಾಕು" ಅಂದಳು. ದುಡ್ಡಿಗೇನೂ ತೊಂದರೆ ಇರಲಿಲ್ಲ.

"ತಡಿಯಮ್ಮ, ಅದು ಹಳೇ ಮಾಡೆಲ್ಲು. ಹೊಸದು ಬಂದ್ಬಿಡ್ಲಿ" ಅಂದ ಮುನಿರಾಜು.

ಬೇಸಿಗೆ ರಜೆಯಲ್ಲಿ ಮತ್ತೆ ಕೇಳಿದಳು. ತಡಿ ಅಂದ. ಡಿಗ್ರಿ ಸೇರಿದಾಗ ಕೇಳಿದಳು. ತಡಿ ಅಂದ. ಮೀನ ಮೇಷ ಎಣಿಸುತ್ತ ಕೂತವನಿಗೆ, ಮಗಳು ಕೇಳುವುದನ್ನು ನಿಲ್ಲಿಸಿದ್ದು ಯಾವಾಗ ಅಂತಲೂ ಗೊತ್ತಾಗಲಿಲ್ಲ. ಕೇಳುತ್ತಿಲ್ಲವಲ್ಲ, ಬುದ್ಧಿ ಬಂತು ಅಂದುಕೊಂಡ. ಕಾದಷ್ಟೂ ಬೆಲೆ ಏರುವುದಕ್ಕೆ ಅವಳೇನು ಹೊಸೂರು ರಸ್ತೆ ಪಕ್ಕದ ಹೊಲವೇನಯ್ಯಾ?

ಡಿಗ್ರಿ ಮುಗಿಸಿ ವೇಣಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸು ಸೇರಿದಳು. ಆನ್‌ಲೈನಿನಲ್ಲಿ ಮಾರುವ ಸಾಮಾನುಗಳ ಫೋಟೋ ನೋಡಿ ಸರಿ, ಸರಿಯಿಲ್ಲ ಅಂತ ಒತ್ತುವ ಕೆಲಸ. ಚಪ್ಪಲಿ, ಕುಕ್ಕರು, ನೈಟಿ, ಮತ್ತೆ ಚಪ್ಪಲಿ. ಮಧ್ಯಾಹ್ನ ಕ್ಯಾಬು ಬಂದು ಕರೆದೊಯ್ಯುತ್ತದೆ. ವಾಪಸು ಬಂದರೆ ಮಾತೂ ಇಲ್ಲ, ಕತೆಯೂ ಇಲ್ಲ, ಹಾಸಿಗೆ.

ಈ ಸಲ ಬೇಸಿಗೆಯಲ್ಲಿ ಒಂದು ನಾಮಕರಣದ ನಡುವೆ ಮುನಿರಾಜುವಿನ ಕ್ಯಾಮೆರಾ ಕೈಕೊಟ್ಟಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಶಟರು ಹಿಡಿದುಕೊಂಡಿತು. ಉಳಿದದ್ದನ್ನು ಯಾರದೋ ಫೋನಿನಲ್ಲಿ ತೆಗೆದು ಮರ್ಯಾದೆ ಉಳಿಸಿಕೊಂಡ. ಮಾರನೇ ಬೆಳಿಗ್ಗೆ ಮಾರತ್ತಹಳ್ಳಿಯ ಕ್ಯಾಮೆರಾ ಅಂಗಡಿಗೆ ಹೋದ.

"ಅಣ್ಣ, ಇದರ ಪಾರ್ಟೇ ಬರ್ತಿಲ್ಲ" ಅಂದ ಅಂಗಡಿಯವನು.

"ಹೋಗ್ಲಿ ಬಿಡು. ಹೊಸ ಮಾಡೆಲ್ ಯಾವಾಗ?"

"ಯಾವ ಹೊಸದು?" ಅಂಗಡಿಯವನು ನಕ್ಕ. "ಕಂಪನಿಯವರೆಲ್ಲಾ ಒಳಗೆ ಕನ್ನಡಿ ಇಲ್ದಿರೋ ಕ್ಯಾಮೆರಾಗೆ ಹೋಗ್ಬಿಟ್ರು ಅಣ್ಣ. ಈ ಜಾತೀದು ಇನ್ನೊಂದು ಬರುತ್ತೆ ಅಂತ ನನಗೇನ್ ನಂಬಿಕೆ ಇಲ್ಲ. ನೀವಿನ್ನೂ ಕಾಯ್ತಾ ಇದೀರಾ?"

ಬೇರೆ ದಿನವಾಗಿದ್ದರೆ ಮುನಿರಾಜು ವಾದಕ್ಕೆ ನಿಲ್ಲುತ್ತಿದ್ದ. ಅವತ್ತು ಗಾಜಿನ ಕಪಾಟಿನ ಕಡೆ ತಿರುಗಿದ. ಗಾಜಿನೊಳಗೆ, ಮಾರಾಟವಾಗದೆ ಬಣ್ಣ ಹೋದ ಡಬ್ಬಿಯೊಂದು ಕೂತಿತ್ತು. ವೇಣಿ ಕೇಳಿದ್ದಳಲ್ಲ, ಅದೇ ಚಿಕ್ಕದು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಅಂತ ಗೊತ್ತಿದ್ದೂ, "ಕಟ್ಕೊಡು" ಅಂದ. ರಿಂಗ್ ರೋಡಿನಲ್ಲಿ ಬಸ್ಸು ತೆವಳುತ್ತಿದ್ದಷ್ಟು ಹೊತ್ತೂ ಡಬ್ಬಿಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದ. ಇನ್ನೂ ಕಾಲ ಮಿಂಚಿಲ್ಲ, ಹುಡುಗಿ ಇನ್ನೂ ಚಿಕ್ಕವಳೇ, ಅಂತ ತನಗೆ ತಾನೇ ಹೇಳಿಕೊಂಡ.

ಮನೆಗೆ ಬಂದಾಗ ವೇಣಿ ಒದ್ದೆ ತಲೆಯಲ್ಲೇ ಐಡಿ ಕಾರ್ಡು ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಕ್ಯಾಬು ಬರುವ ಹೊತ್ತು.

"ವೇಣಿ, ನೋಡಮ್ಮ. ನಿನ್ದೇ. ಬ್ಯಾಟರಿ ಅಂಗಡೀಲೇ ಚಾರ್ಜ್ ಮಾಡಿಸ್ಕೊಂಡ್ ಬಂದೆ."

ಅವಳು ಡಬ್ಬಿ ನೋಡಿದಳು, ಅಪ್ಪನ ಮುಖ ನೋಡಿದಳು. ಅವಳಲ್ಲಿ ಸಿಟ್ಟೂ ಇರಲಿಲ್ಲ, ಖುಷಿಯೂ ಇರಲಿಲ್ಲ. "ಈಗ್ಯಾಕಪ್ಪ?" ಅಂದಳು.

"ಅಂಗಡಿಗೆ ಬಾರಮ್ಮ. ಈ ಕೆಲಸ ಬಿಟ್ಬಿಡು. ಇಬ್ರೂ ಸೇರಿ ಮಾಡೋಣ."

"ದಿನಕ್ಕೆ ಸಾವಿರಾರು ಫೋಟೋ ನೋಡ್ತೀನಿ ಅಪ್ಪ. ಫೋಟೋ ಅಂದ್ರೆ ವಾಕರಿಕೆ ಬರುತ್ತೆ ಈಗ. ನನಗೆ ಬೇಡ, ನೀನೇ ಇಟ್ಕೊ."

"ಹೋಗ್ಲಿ, ಭಾನುವಾರ..."

"ಭಾನುವಾರ ನಿದ್ದೆ ಮಾಡ್ಬೇಕು ಅಪ್ಪ."

ಅಪ್ಪನ ಮುಖ ಬಾಡಿದ್ದು ನೋಡಲಾಗದೆ ಇರಬೇಕು, ಡಬ್ಬಿ ಬಿಚ್ಚಿ ಕ್ಯಾಮೆರಾ ಕೈಗೆತ್ತಿಕೊಂಡಳು. ಲೆನ್ಸು ಕೂರಿಸಿ, ಬ್ಯಾಟರಿ, ಕಾರ್ಡು ಹಾಕಿದಳು. ಬೆರಳಿಗೆ ಇನ್ನೂ ನೆನಪಿತ್ತು. ಕಣ್ಣಿಗೆ ಹಿಡಿದು ಅವನ ಕಡೆ ತಿರುಗಿದಳು. ಹೊಸ ಕ್ಯಾಮೆರಾ, ಎಲ್ಲಿ ಜಾರಿ ಬೀಳುತ್ತದೋ ಅಂತ ಮುನಿರಾಜು ಕೈ ಮುಂದೆ ಮಾಡಿದ. "ತಡಿ ತಡಿ, ಕೊರಳ ಪಟ್ಟಿ ಹಾಕ್ಕೊಡ್ತೀನಿ..."

ಅಷ್ಟರಲ್ಲಿ ಅವಳು ಒತ್ತಿಯಾಗಿತ್ತು. ಹೊರಗೆ ಕ್ಯಾಬು ಹಾರನ್ ಹೊಡೆಯಿತು. "ಚೆನ್ನಾಗಿದೆ ಅಪ್ಪ" ಅಂದು ಕ್ಯಾಮೆರಾ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮುನಿರಾಜು ಕೂತ. ಕ್ಯಾಮೆರಾ ಎತ್ತಿಕೊಂಡು ಫೋಟೋ ತೆರೆದು ನೋಡಿದ. ತುಂಬ ಒಳ್ಳೇ ಫೋಟೋ. ಕಿಟಕಿಯ ಬೆಳಕು ಅರ್ಧ ಮುಖದ ಮೇಲೆ ಬಿದ್ದಿದೆ, ನರೆತ ಗಡ್ಡದ ಒಂದೊಂದು ಕೂದಲೂ ಕಾಣುತ್ತದೆ. ಬಾಯಿ ತೆರೆದಿದೆ. ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ದೊಡ್ಡದಾಗಿ, ಎತ್ತಿ ತಡೆದ ಅವನ ಅಂಗೈ. ಅವನು ಏನು ಹೇಳುತ್ತಿದ್ದಾನೆ ಅಂತ ಕಿವುಡನಿಗೂ ತಿಳಿಯುವ ಹಾಗಿತ್ತು.

ಶಶಿಕಲಾ ಕೈ ಒರೆಸಿಕೊಳ್ಳುತ್ತ ಬಂದು, ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಎಷ್ಟ್ ಚೆನ್ನಾಗ್ ತೆಗ್ದಿದಾಳ್ರೀ" ಅಂದಳು. "ಥೇಟ್ ನೀವೇ."